ಬಿಚ್ಚಿದ ಗೇಮ್ ಡಿಸ್ಕಿಗೆ ಮತ್ತೆ ಪ್ಲಾಸ್ಟಿಕ್ ಸುತ್ತಿ ಹೊಸದೆಂದು ಮಾರಿದ್ದಾರೆ: ಮೈಸೂರಿನ ಅಂಗಡಿಯ ಮೇಲೆ ಮಂಡ್ಯದಲ್ಲಿ ದೂರು ಕೊಡಬಹುದೇ?

ಪ್ರಶ್ನೆ: ಕಲ್ಲಹಳ್ಳಿಯವನು, ಮಂಡ್ಯ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನ ಹುಟ್ಟುಹಬ್ಬಕ್ಕೆ ಕೊಡಲೆಂದು ಮೈಸೂರಿನ ದೇವರಾಜ ಅರಸು ರಸ್ತೆಯ ಕಡೆ ಇರುವ ಒಂದು ಅಂಗಡಿಯಲ್ಲಿ ಪ್ಲೇಸ್ಟೇಷನ್ 5 ಎಂಬ ಗೇಮ್ ಆಡುವ ಯಂತ್ರದ (ಕನ್ಸೋಲಿನ) ಗೇಮ್ ಡಿಸ್ಕ್ ಒಂದನ್ನು ₹4,999 ಕೊಟ್ಟು ಕೊಂಡೆ. ಅದು ಎಂಆರ್‌ಪಿಯ ಪೂರ್ತಿ ಬೆಲೆ, ಯಾವ ರಿಯಾಯಿತಿಯೂ ಇರಲಿಲ್ಲ. ಅದೇ ಅಂಗಡಿಯಲ್ಲಿ ಬಳಸಿದ ಡಿಸ್ಕುಗಳನ್ನು ಕಡಿಮೆ ಬೆಲೆಗೆ ಮಾರುವ ಪ್ರತ್ಯೇಕ ಕಪಾಟು ಇದ್ದರೂ, ಉಡುಗೊರೆಯಾದ್ದರಿಂದ ಹೊಸದೇ ಬೇಕೆಂದು ಕೇಳಿ ತೆಗೆದುಕೊಂಡೆ. ಬಿಲ್ಲಿನಲ್ಲಿಯೂ ಹೊಸದೆಂದೇ ನಮೂದಾಗಿದೆ.

ಹುಡುಗ ಪ್ಲಾಸ್ಟಿಕ್ ಹರಿದು ಕೇಸನ್ನು ತೆರೆದಾಗ ಡಿಸ್ಕಿನ ಕೆಳಮೈಯಲ್ಲಿ ಬೆರಳಿನ ಗುರುತು ಕಂಡಿತು. ದೀಪದ ಎದುರು ಓರೆಯಾಗಿ ಹಿಡಿದರೆ ಕೂದಲೆಳೆಯಂತಹ ಎರಡು ಗೀರುಗಳೂ ಕಾಣುತ್ತಿದ್ದವು. ಎಡಬದಿಯ ಕ್ಲಿಪ್ಪಿಗೆ ಸಿಕ್ಕಿಸಿದ್ದ, ಗೇಮಿನೊಳಗಿನ ಹೆಚ್ಚುವರಿ ವಸ್ತುಗಳ ಕೂಪನ್ ಚೀಟಿ ಮಡಿಕೆ ಬಿದ್ದು ಮೆತ್ತಗಾಗಿತ್ತು. ಅದರಲ್ಲಿದ್ದ ಕೋಡ್ ಹಾಕಿದರೆ, ಅದು ಸರಿಯಿಲ್ಲ ಅಥವಾ ಈಗ ಚಾಲ್ತಿಯಲ್ಲಿಲ್ಲ ಎಂಬ ಉತ್ತರ ಬಂತು. ಗೇಮ್ ಮಾತ್ರ ಯಾವ ತೊಂದರೆಯೂ ಇಲ್ಲದೆ ಓಡುತ್ತಿದೆ.

ಅಂಗಡಿಗೆ ಫೋನ್ ಮಾಡಿದಾಗ ಬಂದ ಉತ್ತರ, “ಡಿಸ್ಕ್ ಓಡ್ತಾ ಇದೆಯಲ್ಲ ಸಾರ್, ಇನ್ನೇನು?” ಎಂಬುದು. ಬಿಲ್ಲಿನ ಕೆಳಗೆ ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂದು ಅಚ್ಚಾಗಿರುವುದನ್ನೂ ಅವರೇ ನೆನಪಿಸಿದರು. ಇಂಥದ್ದು ನಮ್ಮ ಊರುಗಳಲ್ಲಿ ಮಾಮೂಲೇ? ನಾನು ವಾಸವಿರುವುದೂ ಕೆಲಸ ಮಾಡುವುದೂ ಮಂಡ್ಯದಲ್ಲಿ, ಕೊಂಡದ್ದು ಮೈಸೂರಿನಲ್ಲಿ. ದೂರು ಕೊಡುವುದಾದರೆ ಎಲ್ಲಿ ಕೊಡಬೇಕು, ಮತ್ತು ಇಷ್ಟು ಸಣ್ಣ ಮೊತ್ತಕ್ಕೆ ದೂರು ನಿಲ್ಲುತ್ತದೆಯೇ? ಅಂಗಡಿಯ ಹೆಸರನ್ನು ದಯವಿಟ್ಟು ಯಾರೂ ಕೇಳಬೇಡಿ.

ಉತ್ತರ 1: ಹಳೆಯ ಕೌಂಟರಿನವನು, ಮೈಸೂರು

ಸರ್, ನಾನು ಕೆಲವು ವರ್ಷ ಮೈಸೂರಿನ ಒಂದು ಗೇಮ್ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡಿದ್ದೇನೆ. ಎಲ್ಲ ಅಂಗಡಿಗಳೂ ಹೀಗೆಂದು ಹೇಳಲಾರೆ. ಆದರೆ ಬಿಚ್ಚಿದ ಡಿಸ್ಕು ಹೊಸ ಮಾಲಿನ ಸಾಲಿಗೆ ಸೇರುವ ದಾರಿಗಳು ನನಗೆ ಗೊತ್ತು.

ಮೊದಲನೆಯದು ಡಿಸ್‌ಪ್ಲೇ ಪ್ರತಿ. ಕಳ್ಳತನದ ಭಯದಿಂದ ಕೇಸನ್ನು ಬಿಚ್ಚಿ, ಡಿಸ್ಕನ್ನು ಕವರಿಗೆ ಹಾಕಿ ಡ್ರಾಯರಿನಲ್ಲಿಟ್ಟು, ಖಾಲಿ ಕೇಸನ್ನು ಮಾತ್ರ ಕಪಾಟಿನಲ್ಲಿ ನಿಲ್ಲಿಸುತ್ತಾರೆ. ಸೀಲಾದ ಪ್ರತಿಗಳೆಲ್ಲ ಮುಗಿದಾಗ ಕೊನೆಗೆ ಉಳಿಯುವುದು ಅದೊಂದೇ, ಅದನ್ನು ಯಾವ ಬೆಲೆಗೆ ಮಾರಬೇಕೆಂಬ ಪ್ರಶ್ನೆ ಆಗ ಬರುತ್ತದೆ. ಎರಡನೆಯದು ಗಿರಾಕಿ ವಾಪಸು ತಂದದ್ದು. ಶುಕ್ರವಾರ ಕೊಂಡು, ಶನಿವಾರ ಭಾನುವಾರ ಕೂತು ಕಥೆಯನ್ನೆಲ್ಲ ಆಡಿ ಮುಗಿಸಿ, ಸೋಮವಾರ ಬಂದು “ನಮ್ಮ ಹುಡುಗನಿಗೆ ಇಷ್ಟವಾಗಲಿಲ್ಲ” ಎನ್ನುವವರು ಕಡಿಮೆಯೇನಲ್ಲ. ಹಳೆಯ ಗಿರಾಕಿಯ ಮನಸ್ಸು ಮುರಿಯಬಾರದೆಂದು ಮಾಲೀಕರು ತೆಗೆದುಕೊಳ್ಳುತ್ತಾರೆ. ನಾನಿದ್ದ ಅಂಗಡಿಗೆ ಮಾಲು ಕೊಡುತ್ತಿದ್ದ ಡಿಸ್ಟ್ರಿಬ್ಯೂಟರ್ ಮಾತ್ರ ಸೀಲು ಒಡೆದದ್ದನ್ನು ಮುಟ್ಟುತ್ತಿರಲಿಲ್ಲ, ನಷ್ಟವೆಲ್ಲ ಅಂಗಡಿಯ ತಲೆಗೇ ಬರುತ್ತಿತ್ತು. ಕೆಲಸದ ಹುಡುಗರು ರಾತ್ರಿ ಮನೆಗೆ ಒಯ್ದು ಆಡಿ ಬೆಳಿಗ್ಗೆ ತಂದಿಡುವುದೂ ಉಂಟು, ಅದನ್ನು ವಿವರಿಸುವ ಅಗತ್ಯವಿಲ್ಲ.

ಮತ್ತೆ ಸೀಲು ಮಾಡುವುದು ಕಷ್ಟವೇನಲ್ಲ. ಬಿಸಿ ತಾಗಿದರೆ ಕುಗ್ಗಿ ಬಿಗಿಯಾಗುವ ಶ್ರಿಂಕ್ ಹಾಳೆಯ ರೋಲು, ಅಂಚು ಕತ್ತರಿಸಿ ಬೆಸೆಯುವ ಸಣ್ಣ ಯಂತ್ರ, ಒಂದು ಹೀಟ್ ಗನ್ ಇದ್ದರೆ ಸಾಕು. ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕಾರ್ಖಾನೆಯಲ್ಲಿ ಸುತ್ತಿದ ಹಾಳೆಯನ್ನು ಕೇಸಿನ ಮೇಲಂಚು ಮತ್ತು ಕೆಳಅಂಚಿನಲ್ಲಿ ಉಡುಗೊರೆಯ ಕಾಗದದಂತೆ ತ್ರಿಕೋನವಾಗಿ ಮಡಚಿ ಅಂಟಿಸಿರುತ್ತಾರೆ. ಅಂಗಡಿಯಲ್ಲಿ ಸುತ್ತಿದ್ದಕ್ಕೆ ಆ ಮಡಿಕೆ ಇರುವುದಿಲ್ಲ. ಬದಲಿಗೆ ಅಂಚಿನುದ್ದಕ್ಕೂ ಕರಗಿ ಗಟ್ಟಿಯಾದ ಪ್ಲಾಸ್ಟಿಕ್ಕಿನ ಸಣ್ಣ ಏಣು ಉಗುರಿಗೆ ಸಿಗುತ್ತದೆ, ಮೂಲೆಗಳಲ್ಲಿ ಹಾಳೆ ಸುಕ್ಕುಗಟ್ಟಿರುತ್ತದೆ. ಇನ್ನೊಂದು ಗುರುತಿದೆ. ನಮ್ಮಲ್ಲಿಗೆ ಬರುತ್ತಿದ್ದ ಆಮದು ಮಾಲಿನಲ್ಲಿ ಆಮದುದಾರರ ಹೆಸರು, ಎಂಆರ್‌ಪಿ, ತಿಂಗಳು ಮತ್ತು ವರ್ಷ ಇರುವ ಚೀಟಿಯನ್ನು ಹೊರಗಿನ ಪ್ಲಾಸ್ಟಿಕ್ಕಿನ ಮೇಲೆ ಅಂಟಿಸಿರುತ್ತಿದ್ದರು. ಅಂಥ ಚೀಟಿ ಪ್ಲಾಸ್ಟಿಕ್ಕಿನ ಒಳಗೆ, ಕೇಸಿನ ಮೈಗೇ ಅಂಟಿಕೊಂಡಿದ್ದರೆ ಅನುಮಾನಿಸಬೇಕು. ಕಾರ್ಖಾನೆಯಿಂದ ಕಾರ್ಖಾನೆಗೆ ಸುತ್ತುವ ರೀತಿ ಬೇರೆಯಾಗುವುದರಿಂದ ಇದೊಂದನ್ನೇ ಪುರಾವೆಯೆಂದು ನಂಬಬೇಡಿ. ಹರಿದ ಪ್ಲಾಸ್ಟಿಕ್ಕನ್ನು ಎಸೆದಿರದಿದ್ದರೆ ಒಂದು ಕವರಿನಲ್ಲಿ ಹಾಕಿಡಿ.

ನಿಮ್ಮ ಪ್ರಕರಣದಲ್ಲಿ ಗಟ್ಟಿ ಪುರಾವೆ ಆ ಕೋಡು. ಡಿಸ್ಕನ್ನು ಯಾರು ಎಷ್ಟು ಆಡಿದ್ದಾರೆಂಬುದು ಡಿಸ್ಕಿನಲ್ಲಿ ದಾಖಲಾಗುವುದಿಲ್ಲ. ಆಟ ಎಲ್ಲಿಯವರೆಗೆ ಬಂತೆಂಬುದು ಸೇವ್ ಆಗುವುದೂ ಗೆದ್ದ ಟ್ರೋಫಿ ಸೇರುವುದೂ ಆಡಿದವರ ಕನ್ಸೋಲು ಮತ್ತು ಖಾತೆಗೆ. ಕೋಡು ಹಾಗಲ್ಲ, ಒಬ್ಬರ ಖಾತೆಗೆ ಒಮ್ಮೆ ಸೇರಿದರೆ ಮುಗಿಯಿತು. ಆದರೆ ದೂರು ಬರೆಯುವ ಮುನ್ನ ಎರಡು ಸಂಗತಿಗಳನ್ನು ಪರೀಕ್ಷಿಸಿಕೊಳ್ಳಿ. ಚೀಟಿಯಲ್ಲಿ ಕೋಡಿನ ಅವಧಿ ಅಚ್ಚಾಗಿದ್ದರೆ ಅದು ಮುಗಿದಿದೆಯೇ ನೋಡಿ. ಹುಡುಗನ ಪ್ಲೇಸ್ಟೇಷನ್ ಖಾತೆಯನ್ನು ಯಾವ ದೇಶದ್ದೆಂದು ತೆರೆದಿದ್ದಾರೆ ಎಂಬುದನ್ನೂ ನೋಡಿ. ಕೋಡಿನ ಪ್ರದೇಶಕ್ಕೂ ಖಾತೆಯ ಪ್ರದೇಶಕ್ಕೂ ಹೊಂದಿಕೆ ಇಲ್ಲದಿದ್ದರೆ ಯಾರೂ ಬಳಸದ ಕೋಡು ಕೂಡ ಸ್ವೀಕಾರವಾಗುವುದಿಲ್ಲ. ಅಂಗಡಿಯವರು ನಾಳೆ ಹಿಡಿಯುವ ಮೊದಲ ಎಳೆ ಇದೇ.

ಉತ್ತರ 2: ಎರಡನೇ ಹಂತ, ವಿಜಯನಗರ

ನನಗೆ ಈ ಗಲಾಟೆ ಅತಿಯೆನಿಸುತ್ತದೆ. ಗೇಮಿನಲ್ಲಿ ಸವೆಯುವುದು ಏನಿದೆ? ಈ ಗೇಮುಗಳು ಬರುವ ಬ್ಲೂ-ರೇ ಡಿಸ್ಕಿನ ಮೇಲೆ ಗೀರು ತಡೆಯುವ ಗಟ್ಟಿ ಲೇಪನವಿರುತ್ತದೆ, ಎರಡು ಕೂದಲೆಳೆ ಗೀರುಗಳಿಂದ ಅದಕ್ಕೆ ಏನೂ ಆಗುವುದಿಲ್ಲ. ಮೊದಲ ಸಲ ಓದಿದಾಗಲೂ ನೂರನೆಯ ಸಲ ಓದಿದಾಗಲೂ ಅದರಿಂದ ಬರುವ ಗೇಮು ಒಂದೇ. ಅದಲ್ಲದೆ ಈಗಿನ ಬಹುಪಾಲು ಗೇಮುಗಳು ಡಿಸ್ಕು ಹಾಕಿದ ಮೇಲೂ ಗಿಗಾಬೈಟುಗಟ್ಟಲೆ ಅಪ್‌ಡೇಟ್ ಇಳಿಸಿಕೊಳ್ಳುತ್ತವೆ. ನಾನು ಬಳಸಿದ ಡಿಸ್ಕುಗಳನ್ನೇ ಕೊಳ್ಳುವವನು. ಆಡಿ ಮುಗಿಸಿ ಮತ್ತೆ ಮಾರುತ್ತೇನೆ. ಕೋಡು ಹೋಗಿರುವುದು ನಿಜ, ಅದರ ಬಾಬ್ತು ಒಂದಿಷ್ಟು ಹಣ ಕೇಳಿ ಪಡೆದು ಸುಮ್ಮನಾಗುವುದು ಉತ್ತಮ. ₹4,999ಕ್ಕಾಗಿ ಗ್ರಾಹಕ ಆಯೋಗದ ಬಾಗಿಲಿಗೆ ಅಲೆಯುವ ಹೊತ್ತಿಗೆ ಅದರ ಎರಡರಷ್ಟು ಕೂಲಿ ಹೋಗಿರುತ್ತದೆ.

ಉತ್ತರ 3: ಒಂಟಿಕೊಪ್ಪಲು ಓದುಗ, ಮೈಸೂರು

ವಿಜಯನಗರದ ಮಿತ್ರರೇ, ಬಳಸಿದ ಡಿಸ್ಕನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ, ಮಾರುವುದರಲ್ಲಿಯೂ ಇಲ್ಲ. ನೀವು ಬಳಸಿದ್ದೆಂದು ತಿಳಿದು, ಬಳಸಿದ್ದರ ಬೆಲೆ ಕೊಟ್ಟು ಕೊಳ್ಳುತ್ತೀರಿ. ಪ್ರಶ್ನೆ ಕೇಳಿದವರಿಗೆ ಆ ಅವಕಾಶವನ್ನೇ ಕೊಟ್ಟಿಲ್ಲ. ಒಮ್ಮೆ ಉಟ್ಟ ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿಸಿ, ಮಡಿಕೆ ಕೂರಿಸಿ, ಹೊಸ ಚೀಟಿ ಕಟ್ಟಿ ಕೊಟ್ಟರೆ ನಮ್ಮ ಮನೆಯ ಹೆಂಗಸರು “ನೂಲು ಅದೇ ಅಲ್ಲವೇ” ಎಂದು ಸುಮ್ಮನಿರುತ್ತಾರೆಯೇ?

ಎರಡಕ್ಕೂ ವ್ಯತ್ಯಾಸವಿದೆ ಎಂಬುದನ್ನು ನಾವು ವಾದಿಸಿ ತೋರಿಸಬೇಕಾಗಿಲ್ಲ, ಅಂಗಡಿಯೇ ಒಪ್ಪಿಕೊಂಡಿದೆ. ಕೆಲವೇ ಅಡಿ ದೂರದ ಇನ್ನೊಂದು ಕಪಾಟಿನಲ್ಲಿ ಬಳಸಿದ ಡಿಸ್ಕುಗಳಿಗೆ ಕಡಿಮೆ ಬೆಲೆ ಹಚ್ಚಿಟ್ಟವರು ಅವರೇ. ಓಡುವ ಡಿಸ್ಕೆಲ್ಲವೂ ಒಂದೇ ಎಂಬುದು ಅವರ ನಂಬಿಕೆಯಾಗಿದ್ದರೆ ಆ ಕಪಾಟು ಏಕೆ ಬೇಕಿತ್ತು? ಹುಡುಗ ಇದನ್ನು ಆಡಿ ಮುಗಿಸಿ ಅದೇ ಅಂಗಡಿಗೆ ಮಾರಲು ಹೋದರೆ, ಗೀರು ತೋರಿಸಿ, ಕೋಡಿಲ್ಲವೆಂದು ಹೇಳಿ ಬೆಲೆ ಇಳಿಸುವವರೂ ಅವರೇ. ಮತ್ತೆ ಸೀಲು ಹಾಕಿದ್ದು ನನಗೆ ಇಡೀ ವ್ಯವಹಾರದಲ್ಲಿ ಅತ್ಯಂತ ಕೆಟ್ಟದ್ದಾಗಿ ಕಾಣುತ್ತದೆ. ಬಿಚ್ಚಿದ ಕೇಸನ್ನು ಹಾಗೆಯೇ ಕೈಗೆ ಕೊಟ್ಟಿದ್ದರೆ ಕೊಳ್ಳುವವರು ಒಂದು ಮಾತು ಕೇಳುತ್ತಿದ್ದರು. ಆ ಪ್ರಶ್ನೆ ಹುಟ್ಟಬಾರದೆಂದೇ ಪ್ಲಾಸ್ಟಿಕ್ ಸುತ್ತಿದ್ದಾರೆ.

ಇದು ನಮ್ಮೂರಿನ ಆವಿಷ್ಕಾರವಲ್ಲ. ಅಮೆರಿಕದ ಗೇಮ್‌ಸ್ಟಾಪ್ ಮಳಿಗೆಗಳಲ್ಲಿ ಹೊಸ ಪ್ರತಿಯ ಡಿಸ್ಕು ತೆಗೆದು ಖಾಲಿ ಕೇಸನ್ನು ಪ್ರದರ್ಶನಕ್ಕಿಟ್ಟು, ಕೊನೆಗೆ ಅದನ್ನೂ ಹೊಸದರ ಬೆಲೆಗೇ ಮಾರುವ ಪದ್ಧತಿ ಬಹುಕಾಲ ನಡೆದಿತ್ತು. ಸಿಬ್ಬಂದಿ ಮನೆಗೆ ಒಯ್ದು ಆಡಿ ತಂದ ಪ್ರತಿಗಳೂ ಹೊಸದೆಂದು ಮಾರಾಟವಾಗುತ್ತವೆ ಎಂದು 2009ರಲ್ಲಿ ಕೊಟಾಕು ಜಾಲತಾಣ ವರದಿ ಮಾಡಿದಾಗ ಅಲ್ಲಿ ದೊಡ್ಡ ಚರ್ಚೆಯಾಯಿತು. 2011ರ ಆಗಸ್ಟಿನಲ್ಲಿ ಅದೇ ಕಂಪನಿ ‘ಡಿಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್’ ಗೇಮಿನ ಪಿಸಿ ಆವೃತ್ತಿಯ ಹೊಸ ಪೆಟ್ಟಿಗೆಗಳನ್ನು ಬಿಚ್ಚಿಸಿ, ಜಾಲದ ಮೂಲಕ ಗೇಮ್ ಆಡಿಸುವ ಪ್ರತಿಸ್ಪರ್ಧಿ ಸೇವೆಯಾಗಿದ್ದ ಆನ್‌ಲೈವ್‌ನ ಕೂಪನ್ನುಗಳನ್ನು ತೆಗೆಸಿಹಾಕಿತು, ಸುದ್ದಿ ಹೊರಬಿದ್ದ ಮೇಲೆ ಆ ಆವೃತ್ತಿಯನ್ನೇ ಕಪಾಟಿನಿಂದ ಹಿಂತೆಗೆದುಕೊಂಡು, ಕೊಂಡಿದ್ದವರಿಗೆ 50 ಡಾಲರಿನ ಗಿಫ್ಟ್ ಕಾರ್ಡ್ ಕೊಡಬೇಕಾಯಿತು. ಪೆಟ್ಟಿಗೆಯೊಳಗಿನ ಒಂದು ಚೀಟಿಗೆ ಆ ದೊಡ್ಡ ಕಂಪನಿಯೇ ಇಷ್ಟು ಬೆಲೆ ತೆತ್ತಿರುವಾಗ, ಕೋಡನ್ನು ಕಿರುಕಾಣಿಕೆಯೆಂದು ತಳ್ಳಿಹಾಕಲು ಬರುವುದಿಲ್ಲ.

ಕೋಡು ಬಂದ ಹಿನ್ನೆಲೆಯನ್ನೂ ಸೇರಿಸುತ್ತೇನೆ. ಬಳಸಿದ ಡಿಸ್ಕಿನ ಮರುಮಾರಾಟದಿಂದ ಪ್ರಕಾಶಕರಿಗೆ ಚಿಕ್ಕಾಸೂ ಬರುವುದಿಲ್ಲ. ಆದ್ದರಿಂದ 2010ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ‘ಆನ್‌ಲೈನ್ ಪಾಸ್’ ತಂದು, ಹೊಸ ಪ್ರತಿಯಲ್ಲಿನ ಕೋಡು ಇದ್ದರೆ ಮಾತ್ರ ಇತರರೊಡನೆ ಜಾಲದಲ್ಲಿ ಆಡಬಹುದು, ಇಲ್ಲದಿದ್ದರೆ ಬೇರೆ ಹಣ ಕೊಡಬೇಕು ಎಂದು ಮಾಡಿತು. ಜನರ ಅಸಮಾಧಾನದ ನಡುವೆ 2013ರಲ್ಲಿ ಅದನ್ನು ಕೈಬಿಟ್ಟರೂ, ಹೊಸದನ್ನು ಮೊದಲು ಕೊಂಡವರಿಗೆ ಮಾತ್ರ ಸಿಗುವ ಹೆಚ್ಚುವರಿ ವಸ್ತುಗಳ ಕೋಡು ಉಳಿದುಕೊಂಡಿತು. ಹೊಸ ಪ್ರತಿಗೆ ಪೂರ್ತಿ ಬೆಲೆ ತೆರುವವರು ಅದಕ್ಕೂ ಸೇರಿಸಿಯೇ ತೆರುತ್ತಾರೆ.

ಉತ್ತರ 4: ಗ್ರಾಹಕ ಪ್ರಕರಣಗಳವನು, ಮಂಡ್ಯ

ಕಲ್ಲಹಳ್ಳಿಯವರೇ, ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(47)ರಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳನ್ನು ಪಟ್ಟಿ ಮಾಡಿದ್ದಾರೆ. ಮರುಜೋಡಣೆ ಮಾಡಿದ, ಬಳಸಿದ, ನವೀಕರಿಸಿದ ಅಥವಾ ಹಳೆಯ ಸರಕನ್ನು ಹೊಸದೆಂದು ಸುಳ್ಳಾಗಿ ಬಿಂಬಿಸುವುದು ಆ ಪಟ್ಟಿಯಲ್ಲಿ ಸ್ಪಷ್ಟವಾಗಿದೆ. 1986ರ ಹಳೆಯ ಕಾಯ್ದೆಯಲ್ಲಿಯೂ ಇದೇ ಮಾತಿತ್ತು. ಡಿಸ್ಕು ಓಡುತ್ತದೆಯೇ ಇಲ್ಲವೇ ಎಂಬುದು ಸರಕಿನ ದೋಷಕ್ಕೆ ಸಂಬಂಧಿಸಿದ ಪ್ರಶ್ನೆ. ನಿಮ್ಮ ದೂರು ಸುಳ್ಳು ಬಿಂಬನೆಯದು, ಅದು ಬೇರೆಯೇ ದಾರಿ. ‘ಓಡುತ್ತದಲ್ಲ’ ಎಂಬ ಉತ್ತರ ಇದಕ್ಕೆ ಉತ್ತರವೇ ಆಗುವುದಿಲ್ಲ.

ಒಂದು ಎಚ್ಚರಿಕೆ ಹೇಳಬೇಕು. ಅದು ಕೇವಲ ಡಿಸ್‌ಪ್ಲೇಗೆಂದು ಬಿಚ್ಚಿದ, ಯಾರೂ ಆಡದ ಪ್ರತಿಯಾಗಿದ್ದರೆ, ‘ಬಳಸಿದ್ದು’ ಎಂದು ಸಾಧಿಸುವುದು ಇಷ್ಟು ಸುಲಭವಾಗುತ್ತಿರಲಿಲ್ಲ. ಸೀಲು ಒಡೆದ ಮಾತ್ರಕ್ಕೆ ಹಳೆಯದಾಗುವುದಿಲ್ಲವೆಂದು ಅಂಗಡಿಯವರು ವಾದ ಹೂಡಬಹುದಿತ್ತು. ಕೋಡು ಬೇರೊಬ್ಬರ ಖಾತೆಗೆ ಸೇರಿದ್ದರೆ ಆ ವಾದಕ್ಕೆ ಜಾಗವಿಲ್ಲ. ಆದ್ದರಿಂದ ಮೇಲೆ ಕೌಂಟರಿನ ಮಿತ್ರರು ಹೇಳಿದ ಎರಡು ಪರೀಕ್ಷೆಗಳನ್ನು ತಪ್ಪದೆ ಮಾಡಿ, ಕನ್ಸೋಲಿನ ತೆರೆಯ ಚಿತ್ರವನ್ನು ದಿನಾಂಕ ಕಾಣುವಂತೆ ತೆಗೆದಿಡಿ. ಪ್ಲೇಸ್ಟೇಷನ್‌ನ ಗ್ರಾಹಕ ಸೇವೆಗೂ ಕೋಡಿನ ಚಿತ್ರ ಕಳಿಸಿ ವಿಚಾರಿಸಿ. ಬರವಣಿಗೆಯಲ್ಲಿ ಏನು ಉತ್ತರ ಬಂದರೂ ಕಡತಕ್ಕೆ ಸೇರಿಸಿ.

ಎಲ್ಲಿ ಎಂಬುದಕ್ಕೆ: ಕಲಂ 34ರ ಪ್ರಕಾರ ದೂರುದಾರರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಹಳೆಯ ಕಾಯ್ದೆಯಲ್ಲಿ ಈ ಅನುಕೂಲವಿರಲಿಲ್ಲ. ಈಗ ಅಂಗಡಿ ಮೈಸೂರಿನಲ್ಲಿದ್ದರೂ ಮಂಡ್ಯದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ನೀವು ದೂರು ಹಾಕಬಹುದು, ಅವರೇ ಇಲ್ಲಿಗೆ ಬರಬೇಕಾಗುತ್ತದೆ. ಸರಕಿನ ಬೆಲೆ ಐದು ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ಸ್ವತಃ ವಾದಿಸಬಹುದು, ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ. ಪರೀಕ್ಷಾಲಯಕ್ಕೆ ಕಳಿಸುವ ಅಗತ್ಯವಿಲ್ಲದ ಪ್ರಕರಣವನ್ನು ಎದುರುದಾರರಿಗೆ ನೋಟಿಸು ಮುಟ್ಟಿದ ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ ಹೆಚ್ಚು ಕಾಲ ಹಿಡಿಯುತ್ತದೆಂದು ಮೊದಲೇ ಮನಸ್ಸಿಗೆ ಹೇಳಿಕೊಂಡಿರುವುದು ಒಳ್ಳೆಯದು.

‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ’ ಎಂಬ ಅಚ್ಚಿನ ಸಾಲಿಗೆ ಹೆದರಬೇಡಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನಗಳೊಳಗೆ, ಹಿಂಪಡೆದು ಹಣ ಕೊಡಲು ನಿರಾಕರಿಸುವುದು ಕೂಡ ಅದೇ ಕಲಂ 2(47)ರಲ್ಲಿ ಅನುಚಿತ ಪದ್ಧತಿಯೆಂದು ಸೇರಿದೆ. ಬಿಲ್ಲು ನಿಮ್ಮ ಹೆಸರಿನಲ್ಲಿದ್ದು ಆಡುವವನು ಅಕ್ಕನ ಮಗನಾದರೂ ತೊಡಕಿಲ್ಲ. ಕೊಂಡವರ ಒಪ್ಪಿಗೆಯಿಂದ ಬಳಸುವವರನ್ನೂ ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ.

ವಿಜಯನಗರದವರು ಹೇಳಿದ ಕೂಲಿಯ ಲೆಕ್ಕದಲ್ಲಿ ಹುರುಳಿಲ್ಲದಿಲ್ಲ. ಅದಕ್ಕೇ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸಿ. ಅದು ನ್ಯಾಯಾಲಯವಲ್ಲ, ಆದೇಶ ಕೊಡುವುದಿಲ್ಲ. ರಾಜಿಗೆ ಒಂದು ಅವಕಾಶ ಅಷ್ಟೇ. ಜೊತೆಗೆ ಅಂಗಡಿಗೆ ಒಂದು ಪತ್ರ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಬಿಲ್ಲಿನ ಪ್ರತಿ ಮಾತ್ರ ಲಗತ್ತಿಸಿ, ಮೂಲ ನಿಮ್ಮಲ್ಲೇ ಇರಲಿ. ಆಯೋಗ ಹಣ ವಾಪಸಿನ ಜೊತೆಗೆ ಪರಿಹಾರವನ್ನೂ ಖರ್ಚನ್ನೂ ಕೊಡಿಸಬಹುದು, ಆ ಪದ್ಧತಿಯನ್ನೇ ನಿಲ್ಲಿಸುವಂತೆಯೂ ಆದೇಶಿಸಬಹುದು.

ಉತ್ತರ 5: ಸಣ್ಣ ಅಂಗಡಿಯವನು, ಮೈಸೂರು

ನಾನೂ ಗೇಮುಗಳನ್ನು ಮಾರುವವನೇ, ಆದ್ದರಿಂದ ಈ ಮಾತುಗಳನ್ನು ಓದುವುದು ಹಿತವಾಗಲಿಲ್ಲ. ಆದರೂ ಉಲ್ಟಾ ವಾದ ಮಾಡಲು ಬಂದಿಲ್ಲ. ಹೊಸ ಡಿಸ್ಕಿನಲ್ಲಿ ನಮಗೆ ಉಳಿಯುವುದು ಬಹಳ ಕಡಿಮೆ, ವಾಪಸು ಬಂದ ಒಂದು ಪ್ರತಿ ಹಲವು ಪ್ರತಿಗಳ ಲಾಭವನ್ನು ನುಂಗುತ್ತದೆ. ಅದಕ್ಕೆ ಮಾರ್ಗವಿದೆ. ನಾನು ಬಿಚ್ಚಿದ ಪ್ರತಿಗಳ ಮೇಲೆ ‘ಓಪನ್ ಬಾಕ್ಸ್’ ಎಂದು ಚೀಟಿ ಅಂಟಿಸಿ, ಕೋಡು ಇದೆಯೋ ಇಲ್ಲವೋ ಎಂಬುದನ್ನೂ ಅದರಲ್ಲೇ ಬರೆದು, ಬೆಲೆ ಇಳಿಸಿ ಇಡುತ್ತೇನೆ. ಅವು ಹೆಚ್ಚು ದಿನ ಕಪಾಟಿನಲ್ಲಿ ನಿಲ್ಲುವುದಿಲ್ಲ. ಕಾಲೇಜು ಹುಡುಗರು ಮೊದಲು ಕೇಳುವುದೇ ಅವನ್ನು.

ತೆರಿಗೆಯ ಕಡೆಯಿಂದಲೂ ಇದರಲ್ಲಿ ಒಂದು ಸಂಗತಿ ಇದೆ. ಸಾಮಾನ್ಯ ಗಿರಾಕಿಯಿಂದ ಕೊಂಡ ಬಳಸಿದ ಸರಕನ್ನು ಮಾರುವಾಗ, ಜಿಎಸ್‌ಟಿ ನಿಯಮ 32(5)ರ ಪ್ರಕಾರ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟುವ ಅವಕಾಶ ವ್ಯಾಪಾರಿಗಳಿಗಿದೆ. ಎಕ್ಸ್‌ಚೇಂಜಿನಲ್ಲಿ ಬಂದ ಡಿಸ್ಕನ್ನು ಲೆಕ್ಕದ ಪುಸ್ತಕದಲ್ಲಿ ಬಳಸಿದ್ದೆಂದು ತೋರಿಸಿ, ಗಿರಾಕಿಯ ಬಿಲ್ಲಿನಲ್ಲಿ ಹೊಸದೆಂದು ಬರೆದಿದ್ದರೆ ಆ ಎರಡು ಕಾಗದಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಆಯೋಗದ ಮುಂದೆ ಖರೀದಿಯ ದಾಖಲೆ ಹಾಜರುಪಡಿಸುವಂತೆ ನೀವು ಕೇಳಿದರೆ ಅವರಿಗೆ ಉತ್ತರಿಸುವುದು ಕಷ್ಟವಾಗುತ್ತದೆ.

ಕೊಳ್ಳುವವರಿಗೆ ನನ್ನ ವಿನಂತಿ: ಹಣ ಕೊಟ್ಟ ಕೂಡಲೇ ಕೌಂಟರಿನಲ್ಲಿಯೇ, ನಮ್ಮ ಕಣ್ಣೆದುರೇ ಸೀಲು ಬಿಚ್ಚಿ ನೋಡಿ. ಉಡುಗೊರೆಯಾದರೆ ಅದು ಆಗದ ಮಾತು, ಒಪ್ಪುತ್ತೇನೆ.

ಮತ್ತೆ: ಕಲ್ಲಹಳ್ಳಿಯವನು, ಮಂಡ್ಯ

ಎಲ್ಲರಿಗೂ ಧನ್ಯವಾದಗಳು. ಎರಡೂ ಪರೀಕ್ಷೆಗಳನ್ನು ಮಾಡಿದೆ. ಕೋಡಿನ ಅವಧಿ ಇನ್ನೂ ಮುಗಿದಿಲ್ಲ. ಹುಡುಗನ ಖಾತೆ ಭಾರತದ್ದೇ. ಇದೇ ಗೇಮನ್ನು ಇಲ್ಲಿಯೇ ಬೇರೆ ಕಡೆ ಕೊಂಡ ಅವನ ಸಹಪಾಠಿಯ ಕೋಡು ಭಾರತದ ಖಾತೆಯಲ್ಲಿಯೇ ಸ್ವೀಕಾರವಾಗಿದೆ. ಹರಿದ ಪ್ಲಾಸ್ಟಿಕ್ ಅಕ್ಕನ ಮನೆಯ ಕಸದ ಬುಟ್ಟಿಯಲ್ಲೇ ಇತ್ತು, ಅಂಚಿನಲ್ಲಿ ಆ ಏಣೂ ಸಿಕ್ಕಿತು. 1915ಕ್ಕೆ ದೂರು ದಾಖಲಿಸಿ, ಅಂಗಡಿಗೆ ಪತ್ರ ಕಳಿಸಿದ್ದೇನೆ.

ಈಗ ಅಂಗಡಿಯಿಂದ ಫೋನ್ ಬಂದಿದೆ. ಹಣ ವಾಪಸು ಕೊಡುವುದಿಲ್ಲವಂತೆ, ಬೇರೆ ಸೀಲಾದ ಪ್ರತಿ ಕೊಡುತ್ತಾರಂತೆ, ಮೊದಲು ಈ ಡಿಸ್ಕನ್ನೂ ಮೂಲ ಬಿಲ್ಲನ್ನೂ ತಂದುಕೊಡಬೇಕಂತೆ. ಒಪ್ಪಿಕೊಳ್ಳಬಹುದೇ?

ಉತ್ತರ 6: ಗ್ರಾಹಕ ಪ್ರಕರಣಗಳವನು, ಮಂಡ್ಯ

ಒಪ್ಪುವುದೂ ಬಿಡುವುದೂ ನಿಮಗೆ ಸೇರಿದ್ದು. ಹುಡುಗನಿಗೆ ಬೇಕಾಗಿರುವುದು ಗೇಮು ಮತ್ತು ಕೋಡು, ಅದು ಸಿಗುವುದಾದರೆ ಬದಲಿ ಪ್ರತಿ ಪಡೆಯುವುದು ಕೆಟ್ಟ ರಾಜಿಯಲ್ಲ. ಆದರೆ ಮೂಲ ಬಿಲ್ಲನ್ನು ಕೊಡಬೇಡಿ, ಜೆರಾಕ್ಸ್ ಕೊಡಿ. ಡಿಸ್ಕು, ಚೀಟಿ, ಪ್ಲಾಸ್ಟಿಕ್ ಮೂರರ ಚಿತ್ರಗಳನ್ನೂ ತೆಗೆದಿಟ್ಟುಕೊಂಡು ಹೋಗಿ. ಯಾವ ಕಾರಣಕ್ಕೆ ಬದಲಿಸಿಕೊಡುತ್ತಿದ್ದಾರೆಂಬುದನ್ನು ಅವರ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಡಿಸ್ಕನ್ನು ಬಿಟ್ಟುಬರಬೇಡಿ. ಹೊಸ ಪ್ರತಿಯ ಸೀಲನ್ನು ಕೌಂಟರಿನಲ್ಲಿಯೇ ಬಿಚ್ಚಿ, ಕೋಡನ್ನು ಅಲ್ಲಿಂದಲೇ ಮೊಬೈಲಿನ ಪ್ಲೇಸ್ಟೇಷನ್ ಆ್ಯಪಿನಲ್ಲಿ ಹಾಕಿ ನೋಡಿ. ಅದು ಸೇರಿದ ಮೇಲೆಯೇ ಸಹಾಯವಾಣಿಯ ದೂರನ್ನು ಮುಕ್ತಾಯಗೊಳಿಸಲು ಒಪ್ಪಿಗೆ ಕೊಡಿ.